ಫ್ಯೂಸ್ ಇರುವುದು ವೈರ್ ಉಳಿಸಲು, ನಿಮ್ಮನ್ನಲ್ಲ

2023ರ ನವೆಂಬರ್ 19ರ ನಸುಕಿನಲ್ಲಿ ಬೆಂಗಳೂರಿನ ಹೋಪ್ ಫಾರ್ಮ್ ಜಂಕ್ಷನ್ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ಬೆಸ್ಕಾಂ ತಂತಿ ತುಳಿದು ಒಬ್ಬ ತಾಯಿ ಮತ್ತು ಅವರ ಒಂಬತ್ತು ತಿಂಗಳ ಮಗು ತೀರಿಕೊಂಡರು. ಎಂಜಿನಿಯರುಗಳ ಅಮಾನತು ಆಯಿತು, ಪರಿಹಾರ ಘೋಷಣೆ ಆಯಿತು. ಆ ಸುದ್ದಿ ಓದಿದ ಬಹಳ ಜನರ ಮನಸ್ಸಿಗೆ ಬಂದಿರಬಹುದಾದ ಪ್ರಶ್ನೆ ಒಂದೇ. ತಂತಿ ತುಂಡಾಗಿ ನೆಲಕ್ಕೆ ಬಿದ್ದ ಮೇಲೂ ಅದರಲ್ಲಿ ಕರೆಂಟ್ ಹೇಗೆ ಉಳಿಯಿತು? ತಾನಾಗಿಯೇ ಟ್ರಿಪ್ ಆಗಬೇಕಿತ್ತಲ್ವಾ, ಅಂದರೆ ಲೈನ್ ಕಟ್ ಆಗಬೇಕಿತ್ತಲ್ವಾ?

ಆಗಬೇಕಿತ್ತು ಅಂತ ನಾವೆಲ್ಲ ನಂಬಿದ್ದೇವೆ. ಏನಾದರೂ ಎಡವಟ್ಟಾದರೆ ಫ್ಯೂಸ್ ಹೋಗುತ್ತೆ, ಮನೆಯ ಎಂಸಿಬಿ ಸ್ವಿಚ್ ತಾನೇ ಆಫ್ ಆಗಿ ಬೀಳುತ್ತೆ, ಸ್ಟೇಷನ್‌ನಲ್ಲಿ ಲೈನ್ ಟ್ರಿಪ್ ಆಗುತ್ತೆ ಅನ್ನೋ ಧೈರ್ಯ. ಈ ನಂಬಿಕೆ ಅರ್ಧ ಸುಳ್ಳು. ನಮ್ಮಲ್ಲಿ ಕರೆಂಟ್ ಹೊಡೆದು ಆಗುವ ಸಾವುಗಳ ಬೇರು ಹುಡುಕುತ್ತ ಹೋದರೆ ಮತ್ತೆ ಮತ್ತೆ ಎದುರಾಗುವುದು ಇದೇ: ಕಟ್ ಆಗಬೇಕಿದ್ದ ಕರೆಂಟ್ ಕಟ್ ಆಗಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕದಲ್ಲಿ ದೇಶದಲ್ಲಿ ಹೀಗೆ ಸಾಯುವವರು ಈಚಿನ ವರ್ಷಗಳಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಜಾಸ್ತಿ. ಪ್ರತಿ ಸಾವಿನ ನಂತರವೂ ‘ಸಾರ್ವಜನಿಕರು ಎಚ್ಚರಿಕೆಯಿಂದ ಇರಬೇಕು’ ಎಂಬ ಪ್ರಕಟಣೆ ಬರುತ್ತದೆ. ಯಾವುದರಿಂದ ಎಚ್ಚರ, ಯಾಕೆ ಎಚ್ಚರ ಅನ್ನುವುದು ಮಾತ್ರ ಅದರಲ್ಲಿ ಇರುವುದಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ ನೋಡೋಣ. ಮನುಷ್ಯನ ದೇಹಕ್ಕೆ 1 ಮಿಲಿಆಂಪ್ (ಆಂಪ್‌ನ ಸಾವಿರದ ಒಂದು ಭಾಗ) ಕರೆಂಟ್ ಹರಿದರೆ ಜುಮ್ಮೆನ್ನುತ್ತದೆ. 10 ದಾಟಿದರೆ ಕೈ ಬಿಗಿಯುತ್ತದೆ. ಹಿಡಿದಿದ್ದನ್ನು ಬಿಡಬೇಕೆಂದರೂ ಬಿಡಲು ಆಗುವುದಿಲ್ಲ. ‘ಕರೆಂಟ್ ಎಳ್ಕೊಂಡ್ಬಿಡ್ತು’ ಅಂತಾರಲ್ಲ, ಅದು ಇದೇ. ಕರೆಂಟ್ ಎಳೆಯುವುದಿಲ್ಲ, ನಮ್ಮದೇ ಸ್ನಾಯು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. 30ರ ಆಸುಪಾಸಿನಲ್ಲಿ ಉಸಿರಾಟಕ್ಕೆ ತೊಂದರೆ. 50ರಿಂದ 100ರ ನಡುವೆ ಹೃದಯ ಲಯ ತಪ್ಪಿ ಸುಮ್ಮನೆ ಅದುರತೊಡಗುತ್ತದೆ, ರಕ್ತ ಹರಿಯುವುದಿಲ್ಲ. ಒದ್ದೆ ಮೈಯ ರೋಧವನ್ನು, ಅಂದರೆ ಕರೆಂಟ್ ಹರಿವಿಗೆ ಅದು ಒಡ್ಡುವ ತಡೆಯನ್ನು, ಸುಮಾರು 1000 ಓಮ್ ಅಂತ ಇಟ್ಟುಕೊಂಡರೆ, ಮನೆಯ 230 ವೋಲ್ಟ್‌ಗೆ 230 ಮಿಲಿಆಂಪ್ ಹರಿಯುತ್ತದೆ.

ಈಗ ಎಂಸಿಬಿ ಕಡೆ ಬನ್ನಿ. ಗೀಸರ್ ಪಾಯಿಂಟ್‌ನ ಎಂಸಿಬಿ ಮೇಲೆ 16 ಅಂತ ಬರೆದಿರುತ್ತದೆ. ಅದು 16 ಆಂಪ್, ಅಂದರೆ 16,000 ಮಿಲಿಆಂಪ್. ಅದಕ್ಕಿಂತ ಜಾಸ್ತಿ ಹರಿದರೆ ಮಾತ್ರ ಅದು ಬೀಳುತ್ತದೆ. 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬ್ ಎಳೆಯುವುದೇ ಸುಮಾರು 40 ಮಿಲಿಆಂಪ್. ಒಂದು ಬಲ್ಬ್ ಉರಿಯುವಷ್ಟು ಕರೆಂಟ್ ಸಾಕು ಜೀವ ಹೋಗಲು. ಬಲ್ಬ್ ಹಾಕಿದಾಗ ಎಂಸಿಬಿ ಬೀಳುತ್ತದೆಯೇ? ಮನುಷ್ಯ ಸಿಕ್ಕಿಕೊಂಡಾಗಲೂ ಅದಕ್ಕೆ ಅಷ್ಟೇ ಗೊತ್ತಾಗುವುದು. ಫ್ಯೂಸ್, ಎಂಸಿಬಿ ಎರಡೂ ಇರುವುದು ವೈರ್ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳದಿರಲಿ ಅಂತ. ಅದು ದೊಡ್ಡ ಕೆಲಸವೇ, ಆದರೆ ಬೇರೆ ಕೆಲಸ.

‘ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಲು ಅರ್ಥಿಂಗ್ ಇದೆಯಲ್ಲ’ ಅನ್ನಬಹುದು. ಇರಬೇಕು, ಇಲ್ಲದಿದ್ದರೆ ಕಥೆ ಮುಗಿಯಿತು. ಆದರೆ ಮನೆ ಕಟ್ಟಿದಾಗ ಕಾಂಪೌಂಡ್ ಮೂಲೆಯಲ್ಲಿ ಪೈಪ್ ಹುಗಿದು, ಉಪ್ಪು ಇದ್ದಿಲು ಸುರಿದು ಮುಚ್ಚಿದ ಗುಂಡಿ ಇವತ್ತು ಯಾವ ಸ್ಥಿತಿಯಲ್ಲಿದೆ? ಅದರ ಮೇಲೆ ಟೈಲ್ಸ್ ಬಂದಿರುತ್ತದೆ. ಬೇಸಿಗೆಯಲ್ಲಿ ನೀರು ಹಾಕುವವರು ಯಾರೂ ಇಲ್ಲ. ಆ ಗುಂಡಿಯ ರೋಧ 20 ಓಮ್ ಆಗಿದೆ ಅಂದುಕೊಳ್ಳಿ. ಫ್ರಿಜ್ ಒಳಗೆ ಫೇಸ್ ವೈರ್ (ಕರೆಂಟ್ ತರುವ ತಂತಿ) ಅದರ ಲೋಹದ ಮೈಗೆ ತಾಗಿದರೆ ನೆಲಕ್ಕೆ ಹರಿಯುವುದು 230 ಭಾಗಿಸು 20, ಅಂದರೆ ಹನ್ನೊಂದೂವರೆ ಆಂಪ್. 16 ಆಂಪ್‌ನ ಎಂಸಿಬಿಗೆ ಇದು ಮಾಮೂಲಿ ಲೋಡ್. ಅದು ಬೀಳುವುದಿಲ್ಲ. ಫ್ರಿಜ್ ಬಾಡಿಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ, ಮೀಟರ್ ಓಡುತ್ತಲೇ ಇರುತ್ತದೆ. ಬಿಲ್ ಕಾರಣವಿಲ್ಲದೆ ಜಾಸ್ತಿ ಬಂದರೆ ಒಮ್ಮೆ ಈ ಕಡೆಯೂ ಅನುಮಾನ ಪಡಬೇಕು.

ಈ ಲೆಕ್ಕ ತಪ್ಪಿಸಲು ಇರುವ ಸಾಧನದ ಹೆಸರು ಆರ್‌ಸಿಸಿಬಿ. ಕೆಲವು ಎಲೆಕ್ಟ್ರಿಷಿಯನ್‌ಗಳು ಇನ್ನೂ ಹಳೆಯ ರೂಢಿಯಲ್ಲಿ ಇಎಲ್‌ಸಿಬಿ ಅಂತಾರೆ. ಅದರ ಕೆಲಸ ಸರಳ. ಫೇಸ್‌ನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ನೋಡುತ್ತಲೇ ಇರುವುದು. ಹೋದದ್ದಕ್ಕೂ ಬಂದದ್ದಕ್ಕೂ 30 ಮಿಲಿಆಂಪ್ ವ್ಯತ್ಯಾಸ ಬಂತೆಂದರೆ, ಆ ಕರೆಂಟ್ ಬೇರೆ ದಾರಿಯಲ್ಲಿ ಸೋರುತ್ತಿದೆ ಅಂತ ಅರ್ಥ. ಆ ದಾರಿ ಗೋಡೆಯ ತೇವ ಇರಬಹುದು, ನಿಮ್ಮ ಮೈ ಇರಬಹುದು. ಸೆಕೆಂಡಿನ ಮೂರನೇ ಒಂದು ಭಾಗದೊಳಗೆ, ಬಹಳ ಸಲ ಅದಕ್ಕಿಂತ ಎಷ್ಟೋ ಬೇಗ, ಅದು ಪೂರ್ತಿ ಕಟ್ ಮಾಡಿಬಿಡುತ್ತದೆ. ಶಾಕ್ ಹೊಡೆಯುತ್ತದೆ, ನೋವಾಗುತ್ತದೆ, ಆದರೆ ಬದುಕುತ್ತೀರಿ. ಬೆಲೆ ಎರಡು ಸಾವಿರದ ಆಸುಪಾಸು. ಒಂದು ಮಿಕ್ಸಿಗಿಂತ ಕಡಿಮೆ.

ಇದು ಹೊಸ ಸಂಗತಿಯೇನಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೇ ಸೋರಿಕೆ ತಡೆಯುವ ಸಾಧನ ಇರಬೇಕು ಅಂತ ಇತ್ತು. ಅವುಗಳ ಬದಲಿಗೆ ಬಂದ 2023ರ ನಿಯಮಗಳಲ್ಲೂ ಇದೆ, ಮನೆಗಳಿಗೆ ಮಿತಿ 30 ಮಿಲಿಆಂಪ್. ಆದರೆ ಸಣ್ಣ ಲೋಡ್‌ನ ಮನೆಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ನನಗೆ ಇದು ಉಲ್ಟಾ ಅನ್ನಿಸುತ್ತದೆ. ಒಂದು ಬಲ್ಬು, ಒಂದು ಫ್ಯಾನು, ತಗಡಿನ ಗೋಡೆ, ಜೋಡಿಸಿ ಜೋಡಿಸಿ ಎಳೆದ ವೈರು ಇರುವ ಮನೆಗೇ ಇದು ಮೊದಲು ಬೇಕಿರುವುದು. ಎಲ್ಲ ಐಷಾರಾಮಗಳಿರುವ ಅಪಾರ್ಟ್‌ಮೆಂಟ್‌ನಲ್ಲಿ ಅದು ಬಿಲ್ಡರ್ ಕಡೆಯಿಂದಲೇ ಬಂದಿರುತ್ತದೆ.

ಬಂದಿದ್ದರೂ ಕೆಲಸ ಮಾಡುತ್ತಿದೆಯೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ಮಳೆಗಾಲದಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳತೊಡಗುತ್ತದೆ. ಎಲೆಕ್ಟ್ರಿಷಿಯನ್ ಬರುತ್ತಾನೆ. ‘ಇದಿದ್ರೆ ಬರೀ ರಗಳೆ ಸಾರ್, ಡೈರೆಕ್ಟ್ ಮಾಡಿಬಿಡ್ತೀನಿ’ ಅನ್ನುತ್ತಾನೆ. ಮಾಡುತ್ತಾನೆ. ರಗಳೆ ಮುಗಿಯಿತು ಅಂತ ನಾವೂ ಖುಷಿಯಾಗುತ್ತೇವೆ. ಅದು ಬೀಳುತ್ತಿದ್ದ ಕಾರಣ ಮಾತ್ರ ಗೋಡೆಯೊಳಗೆ ಹಾಗೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಆ ಕಾರಣ ಎರಡರಲ್ಲೊಂದು. ಒಂದೋ ನೀರು ಇಳಿದ ಸ್ವಿಚ್ ಬೋರ್ಡ್ ಅಥವಾ ಗೀಸರ್‌ನ ಹಳೇ ಕಾಯಿಲ್. ಇಲ್ಲಾ, ಯುಪಿಎಸ್ ಹಾಕಿಸುವಾಗ ಅದರ ನ್ಯೂಟ್ರಲ್ ಅನ್ನು ಮನೆಯ ಮಾಮೂಲಿ ನ್ಯೂಟ್ರಲ್ ಜೊತೆ ಸೇರಿಸಿಬಿಟ್ಟಿರುವುದು. ಎರಡನ್ನೂ ಹುಡುಕಬಹುದು, ಅರ್ಧ ದಿನದ ಕೆಲಸ. ಒಂದೊಂದೇ ಎಂಸಿಬಿ ಆಫ್ ಮಾಡಿ ಪರೀಕ್ಷಿಸುತ್ತ ಬಂದರೆ ಯಾವ ಲೈನು ಅಂತ ಸಿಕ್ಕೇ ಸಿಗುತ್ತದೆ. ಅದನ್ನು ಮಾಡಲು ಒಪ್ಪದ ಎಲೆಕ್ಟ್ರಿಷಿಯನ್ ಬೇಡ.

ಆರ್‌ಸಿಸಿಬಿ ಮೇಲೊಂದು ಪುಟ್ಟ ಬಟನ್ ಇರುತ್ತದೆ, ಟೆಸ್ಟ್ ಬಟನ್. ಒತ್ತಿದರೆ ಟಕ್ ಅಂತ ಬೀಳಬೇಕು. ತಿಂಗಳಿಗೊಮ್ಮೆ ಒತ್ತಿ ನೋಡಬೇಕು ಅನ್ನುವುದು ಕೊಂಡವರಲ್ಲಿ ಬಹುಪಾಲು ಜನಕ್ಕೆ ಗೊತ್ತಿಲ್ಲ. ವರ್ಷಗಟ್ಟಲೆ ಅಲುಗಾಡದ ಸ್ಪ್ರಿಂಗ್ ಒಳಗೇ ಅಂಟಿಕೊಂಡಿರಬಹುದು. ಇದಕ್ಕೂ ಮಿತಿ ಇದೆ ಅನ್ನಿ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಹೋದದ್ದೆಲ್ಲ ವಾಪಸ್ ಬರುತ್ತಿರುತ್ತದೆ, ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಮೇನ್ ಆಫ್ ಮಾಡಿದ ಮೇಲೂ ಯುಪಿಎಸ್ ಲೈನ್‌ನಲ್ಲಿ ಕರೆಂಟ್ ಇರುತ್ತದೆ. ಮೇನ್ ತೆಗೆದಿದ್ದೇನೆ ಅನ್ನೋ ಧೈರ್ಯದಲ್ಲಿ ಸ್ಕ್ರೂಡ್ರೈವರ್ ಹಿಡಿದು ಫ್ಯಾನ್ ಸ್ವಿಚ್ ಬಿಚ್ಚಲು ಹೋಗುವವರು ಇದನ್ನು ನೆನಪಿಡಬೇಕು.

2023ರ ಆಗಸ್ಟ್‌ನಲ್ಲಿ ಕಾರವಾರ ತಾಲ್ಲೂಕಿನಲ್ಲಿ ಸ್ವಿಚ್ ಆನ್ ಇದ್ದ ಮೊಬೈಲ್ ಚಾರ್ಜರ್‌ನ ವೈರ್ ಬಾಯಿಗಿಟ್ಟುಕೊಂಡು ಎಂಟು ತಿಂಗಳ ಮಗು ತೀರಿಕೊಂಡ ಸುದ್ದಿ ಬಂತು. ಚಾರ್ಜರ್‌ನಿಂದ ಬರುವುದು 5 ವೋಲ್ಟ್, ಅದರಿಂದ ಸಾವು ಹೇಗೆ ಅಂತ ಆಗ ಕೇಳಿದವರಿದ್ದರು. ಸರಿಯಾದ ಚಾರ್ಜರ್‌ನಲ್ಲಿ ಗೋಡೆಯ 230 ವೋಲ್ಟ್‌ಗೂ ನಮ್ಮ ಕೈಗೆ ಸಿಗುವ ತುದಿಗೂ ನಡುವೆ ಪೂರ್ತಿ ತಡೆ ಇರುತ್ತದೆ. ಫುಟ್‌ಪಾತ್‌ನಲ್ಲಿ ನೂರು ರೂಪಾಯಿಗೆ ಸಿಗುವ ಮಾಲಿನಲ್ಲಿ ಆ ತಡೆ ಕಾಗದದಷ್ಟು ತೆಳು ಇರಬಹುದು. ಅದು ಒಡೆದರೆ 230 ವೋಲ್ಟ್ ಸೀದಾ ತುದಿಗೆ ಬರುತ್ತದೆ. ಬಕೆಟ್‌ನಲ್ಲಿ ನೀರು ಕಾಯಿಸುವ ಕಾಯಿಲ್‌ದೂ ಇದೇ ಪಾಡು. ಬಿಸಿಯಾಯಿತಾ ಅಂತ ಸ್ವಿಚ್ ಆಫ್ ಮಾಡದೆ ಬೆರಳು ಅದ್ದಿ ನೋಡುವ ಅಭ್ಯಾಸ ನಮ್ಮ ಎಷ್ಟು ಮನೆಗಳಲ್ಲಿ ಇಲ್ಲ ಹೇಳಿ!

ಇನ್ನು ಬೀದಿಗೆ ಬರೋಣ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. 11 ಕೆ.ವಿ. (11,000 ವೋಲ್ಟ್) ಲೈನ್‌ಗೆ ಸಬ್‌ಸ್ಟೇಷನ್‌ನಲ್ಲಿ ರಿಲೇ ಅನ್ನೋ ಕಾವಲು ಸಾಧನ ಇರುತ್ತದೆ. ನೆಲಕ್ಕೆ ಹತ್ತಾರು ಆಂಪ್ ಸೋರಿದರೆ ಅದು ಬ್ರೇಕರ್ ಬೀಳಿಸಿ ಲೈನ್ ಕಟ್ ಮಾಡುತ್ತದೆ. ತಂತಿ ತುಂಡಾಗಿ ಒದ್ದೆ ಮಣ್ಣಿಗೋ ಕಬ್ಬಿಣದ ಗೇಟಿಗೋ ಬಿದ್ದರೆ ಅಷ್ಟು ಹರಿದು ಟ್ರಿಪ್ ಆಗುತ್ತದೆ. ಆದರೆ ಒಣ ಡಾಂಬರು, ಒಣ ಮರಳು, ಜಲ್ಲಿಯ ಮೇಲೆ ಬಿದ್ದರೆ ನೆಲ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದೇ ಕಡಿಮೆ. ಕೆಲವೊಮ್ಮೆ ಹೆಚ್ಚೂಕಡಿಮೆ ಸೊನ್ನೆ. ಸ್ಟೇಷನ್‌ನಲ್ಲಿರುವ ರಿಲೇಗೆ ಎಲ್ಲವೂ ಸರಿಯಾಗಿದ್ದಂತೆ ಕಾಣುತ್ತದೆ. ತಂತಿ ಕಿಡಿ ಹಾರಿಸದೆ, ಸದ್ದು ಮಾಡದೆ ಬಿದ್ದಿರುತ್ತದೆ. ಜೀವಂತವಾಗಿಯೇ. ಇದು ಯಾವುದೋ ಒಂದು ಕಂಪನಿಯ ಸಮಸ್ಯೆ ಅಲ್ಲ, ಜಗತ್ತಿನ ಎಲ್ಲ ಕಡೆ ಎಂಜಿನಿಯರುಗಳಿಗೆ ತಲೆನೋವಾಗಿರುವ ವಿಚಾರ.

ಮನೆಗಳಿಗೆ ಹೋಗುವ ಎಲ್‌ಟಿ (ಕಡಿಮೆ ವೋಲ್ಟೇಜ್) ಲೈನ್‌ದು ಇನ್ನೂ ಕಷ್ಟ. ಅದಕ್ಕೆ ಇರುವ ಕಾವಲು ಅಂದರೆ ಟಿಸಿಯಲ್ಲಿನ (ಟ್ರಾನ್ಸ್‌ಫಾರ್ಮರ್) ಫ್ಯೂಸ್ ಮಾತ್ರ. ನೆಲದ ರೋಧ 50 ಓಮ್ ಅಂದುಕೊಂಡರೂ ಬಿದ್ದ ತಂತಿಯಿಂದ ಹರಿಯುವುದು ಐದು ಆಂಪ್‌ಗಿಂತ ಕಡಿಮೆ. ನೂರಾರು ಆಂಪ್‌ನ ಫ್ಯೂಸ್‌ಗೆ ಅದು ಲೆಕ್ಕಕ್ಕೇ ಇಲ್ಲ. ಹಳ್ಳಿಗಳ ಟಿಸಿಯಲ್ಲಿ ಫ್ಯೂಸ್ ಜಾಗಕ್ಕೆ ದಪ್ಪ ಅಲ್ಯೂಮಿನಿಯಂ ಎಳೆ ಸುತ್ತಿರುವುದನ್ನು ನೋಡಿದವರಿಗೆ ಮುಂದಿನದು ಹೇಳಬೇಕಿಲ್ಲ.

ಟ್ರಿಪ್ ಆಗಿದ್ದರೂ ನಂಬುವ ಹಾಗಿಲ್ಲ. ಲೈನ್ ಟ್ರಿಪ್ ಆದಾಗೆಲ್ಲ ಸ್ಟೇಷನ್‌ನವರು ಸ್ವಲ್ಪ ಹೊತ್ತು ಬಿಟ್ಟು ಒಮ್ಮೆ ಚಾರ್ಜ್ ಮಾಡಿ ನೋಡುವ ಪದ್ಧತಿ ಇದೆ. ಬಹುಪಾಲು ಸಲ ಕೊಂಬೆ ತಾಗಿರುತ್ತದೆ, ಹಕ್ಕಿ ಕೂತಿರುತ್ತದೆ, ಮತ್ತೆ ಕೊಟ್ಟರೆ ನಿಲ್ಲುತ್ತದೆ. ಹಾಗಾಗಿ ಬೀದಿಯಲ್ಲಿ ಬಿದ್ದ ತಂತಿ, ಊರಿಡೀ ಕರೆಂಟ್ ಇಲ್ಲದಿದ್ದರೂ, ಯಾವ ಕ್ಷಣದಲ್ಲಾದರೂ ಜೀವ ಪಡೆಯಬಹುದು. ‘ಕರೆಂಟ್ ಇಲ್ಲ ಬಿಡಿ’ ಅಂತ ಅದನ್ನು ಬದಿಗೆ ಎಳೆದಿಡಲು ಹೋಗುವುದು ಬೇಡವೇ ಬೇಡ.

ತಂತಿ ಮುಟ್ಟದೆಯೂ ಸಾಯಬಹುದು. ಬಿದ್ದ ಜಾಗದಿಂದ ಕರೆಂಟ್ ನೆಲದಲ್ಲಿ ಹರಡುತ್ತದೆ. ಹತ್ತಿರ ವೋಲ್ಟೇಜ್ ಜಾಸ್ತಿ, ದೂರ ಹೋದಂತೆ ಕಡಿಮೆ. ನಿಮ್ಮ ಒಂದು ಕಾಲು ಹತ್ತಿರ, ಇನ್ನೊಂದು ಸ್ವಲ್ಪ ದೂರ ಇದ್ದರೆ ಆ ವ್ಯತ್ಯಾಸಕ್ಕೆ ಕರೆಂಟ್ ಒಂದು ಕಾಲಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತದೆ. ಮಳೆಗಾಲದಲ್ಲಿ ಗದ್ದೆಯಲ್ಲಿ ದನ ಸತ್ತ ಸುದ್ದಿ ಯಾಕೆ ಅಷ್ಟು ಜಾಸ್ತಿ ಗೊತ್ತಾ? ಅವುಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ನಡುವೆ ಇರುವುದೇ ಹೃದಯ. ಅದಕ್ಕೇ ದೊಡ್ಡ ಹೆಜ್ಜೆ ಹಾಕಿ ಓಡಬಾರದು. ಎರಡೂ ಪಾದ ಜೋಡಿಸಿಕೊಂಡು, ನೆಲ ಬಿಡದೆ, ಇಂಚಿಂಚೇ ಜರುಗುತ್ತ ಹಿಂದೆ ಸರಿಯಬೇಕು. ಹತ್ತು ಮೀಟರ್ ದೂರ ಹೋಗಿ 1912ಕ್ಕೆ ಫೋನ್ ಮಾಡಿ, ಬೇರೆಯವರು ಹತ್ತಿರ ಬರದಂತೆ ನಿಲ್ಲಬೇಕು. ಕಾರಿನ ಮೇಲೆ ತಂತಿ ಬಿದ್ದರೆ ಒಳಗೇ ಕೂತಿರುವುದು ಸುರಕ್ಷಿತ. ಇಳಿಯುವಾಗ ಒಂದು ಕಾಲು ನೆಲದಲ್ಲಿ, ಕೈ ಬಾಗಿಲ ಮೇಲೆ ಇರುತ್ತದಲ್ಲ, ಆ ಕ್ಷಣವೇ ಅಪಾಯ.

ಕಂಪನಿಗಳು ಮಾಡಬೇಕಾದ್ದೂ ಇದೆ. ರಸ್ತೆ ದಾಟುವಲ್ಲಿ ಲೈನ್ ಕೆಳಗೆ ಗಾರ್ಡ್ ವೈರ್ ಕಟ್ಟಿದರೆ ತುಂಡಾದ ತಂತಿ ಮೊದಲು ಅದಕ್ಕೆ ತಾಗಿ ಟ್ರಿಪ್ ಆಗುತ್ತದೆ. ಬರಿ ತಂತಿಯ ಬದಲು ಹೊದಿಕೆ ಇರುವ ಎಬಿ ಕೇಬಲ್ ಎಳೆದರೆ ಸಮಸ್ಯೆಯೇ ಅರ್ಧ ಕರಗುತ್ತದೆ. ಬೆಂಗಳೂರಿನಲ್ಲಿ ಲೈನ್‌ಗಳನ್ನು ನೆಲದಡಿಗೆ ಹಾಕುವ ಕೆಲಸ ನಡೆದಿದೆ. ಹಳ್ಳಿಗಳಿಗೆ ಆ ಭಾಗ್ಯ ಯಾವಾಗಲೋ.

ಮೇಲಿನ ಲೈನಿಗೆ ನಾವೇ ಹೋಗಿ ತಾಗುವ ಪ್ರಕರಣಗಳದ್ದು ಬೇರೆ ಬಗೆ. 2024ರ ಜನವರಿಯಲ್ಲಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ನಟ ಯಶ್ ಹುಟ್ಟುಹಬ್ಬಕ್ಕೆ ರಾತ್ರಿ ಕಟೌಟ್ ನಿಲ್ಲಿಸುವಾಗ ಅದು ವಿದ್ಯುತ್ ತಂತಿಗೆ ತಾಗಿ ಮೂವರು ಯುವಕರು ಸತ್ತರು. ಗಣೇಶ ಪೆಂಡಾಲ್, ತೇರು, ಬಾವುಟದ ಕಬ್ಬಿಣದ ಕೋಲು, ಬೋರ್‌ವೆಲ್ ಪೈಪ್ ಎತ್ತುವುದು, ಎಲ್ಲದರಲ್ಲೂ ಇದೇ ಆಟ. ಮಲೆನಾಡು, ಕರಾವಳಿಯ ಅಡಿಕೆ ತೋಟಗಳಿಗೆ ಈಗ ಕಾರ್ಬನ್ ಫೈಬರ್ ದೋಟಿ (ಕೊಯ್ಲಿನ ಕೋಲು) ಬಂದಿದೆ. ಹಗುರ, ಉದ್ದ, ಮರ ಹತ್ತುವ ಕಷ್ಟ ಇಲ್ಲ. ‘ಫೈಬರ್’ ಅಂದಕೂಡಲೇ ಪ್ಲಾಸ್ಟಿಕ್ ಥರ, ಕರೆಂಟ್ ಹೊಡೆಯಲ್ಲ ಅಂದುಕೊಳ್ಳುವವರಿದ್ದಾರೆ. ಕಾರ್ಬನ್‌ನಲ್ಲಿ ಕರೆಂಟ್ ಚೆನ್ನಾಗಿಯೇ ಹರಿಯುತ್ತದೆ. ತೋಟದ ಮೇಲೆ ಲೈನ್ ಹಾದು ಹೋಗಿದ್ದರೆ ಆ ಸಾಲಿನ ಕೊಯ್ಲು, ಔಷಧಿ ಹೊಡೆಯುವುದು ಲೈನ್ ಆಫ್ ಮಾಡಿಸಿಯೇ ಆಗಬೇಕು.

ಮನೆ ಮಹಡಿಯದ್ದೂ ಹೀಗೇ. 11 ಕೆ.ವಿ. ಲೈನ್ ಕಟ್ಟಡದಿಂದ ಅಡ್ಡಕ್ಕೆ ಕನಿಷ್ಠ 1.2 ಮೀಟರ್, ಮೇಲಕ್ಕೆ 3.7 ಮೀಟರ್ ದೂರ ಇರಬೇಕು ಅನ್ನುತ್ತದೆ ನಿಯಮ. ಲೈನ್ ಮೊದಲು ಬಂತು, ಮನೆಯ ಎರಡನೇ ಮಹಡಿ ಆಮೇಲೆ ಬಂತು. ಬಾಲ್ಕನಿ ಇನ್ನೊಂದು ಅಡಿ ಹೊರಗೆ ಬಂತು. ಮಾಲೀಕರು ಲೈನ್ ಸರಿಸಿ ಅಂತಾರೆ, ಕಂಪನಿಯವರು ದುಡ್ಡು ಕಟ್ಟಿ ಅಂತಾರೆ. ಈ ಪತ್ರ ವ್ಯವಹಾರದ ನಡುವೆ ಬಟ್ಟೆ ಒಣಹಾಕಲು ಹೋದವರು, ಗಾಳಿಪಟ ಬಿಡಿಸಲು ಹೋದ ಮಕ್ಕಳು ಇದ್ದಾರೆ. ಇಲ್ಲಿ ಎರಡೂ ಕಡೆಯವರದ್ದೂ ತಪ್ಪಿದೆ. ಆದರೆ ಆ ಮಹಡಿಗೆ ಮೀಟರ್ ಕೊಟ್ಟವರು ಯಾರು ಅಂತಲೂ ಕೇಳಬೇಕಲ್ಲ?

ಹೊಲದ ಬೇಲಿಗೆ ಪಂಪ್‌ಸೆಟ್‌ನಿಂದ ನೇರ ಕರೆಂಟ್ ಕೊಡುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಅಪರಾಧ. ಹಂದಿಗೆ ಅಂತ ಕಟ್ಟಿದ್ದಕ್ಕೆ ಆನೆ ಸಾಯುತ್ತದೆ, ಬೆಳಗ್ಗೆ ನೀರು ಬಿಡಲು ಹೋದ ಪಕ್ಕದ ಹೊಲದವರು ಸಾಯುತ್ತಾರೆ, ಎಷ್ಟೋ ಸಲ ಕಟ್ಟಿದವರೇ ಸಾಯುತ್ತಾರೆ. ಐಬೆಕ್ಸ್ ಬೇಲಿ ಅಂತ ಕರೆಯುವ ಸೋಲಾರ್ ಬೇಲಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಅದರಲ್ಲಿ ವೋಲ್ಟೇಜ್ ಸಾವಿರಗಟ್ಟಲೆ ಇದ್ದರೂ ಹೊಡೆತ ಬರುವುದು ಸೆಕೆಂಡಿಗೊಮ್ಮೆ, ಅದೂ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಬೆದರಿಸುತ್ತದೆ, ಬಿಡಿಸಿಕೊಳ್ಳಲು ಬಿಡುತ್ತದೆ. ಪಂಪ್‌ಸೆಟ್ ಲೈನ್ ಬಿಡುವುದಿಲ್ಲ.

ಯಾರಿಗಾದರೂ ಶಾಕ್ ಹೊಡೆದಾಗ ಮೊದಲು ಅವರನ್ನು ಹಿಡಿದೆಳೆಯಲು ಹೋಗುತ್ತೇವೆ. ಹೀಗೇ ಒಂದೇ ಮನೆಯಲ್ಲಿ ಇಬ್ಬರು ಮೂವರು ಸಾಯುವುದು. ಮೊದಲು ಮೇನ್ ಆಫ್. ಆಗದಿದ್ದರೆ ಒಣ ಕಟ್ಟಿಗೆ, ಪ್ಲಾಸ್ಟಿಕ್ ಕುರ್ಚಿಯಿಂದ ತಂತಿ ಬಿಡಿಸಬಹುದು. ಇದು ಮನೆಯ ಕರೆಂಟಿಗೆ ಮಾತ್ರ, 11 ಕೆ.ವಿ.ಗೆ ಒಣ ಕಟ್ಟಿಗೆಯೂ ಆಗುವುದಿಲ್ಲ. ಬಿಡಿಸಿದ ಮೇಲೆ ಉಸಿರಾಟ ಇಲ್ಲದಿದ್ದರೆ ಅಂಗೈ ಅಂಗಾಲು ಉಜ್ಜುತ್ತ ಕೂರಬೇಡಿ. ಎದೆಯ ಮಧ್ಯಕ್ಕೆ ಎರಡೂ ಕೈ ಜೋಡಿಸಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಎರಡು ಇಂಚು ಆಳಕ್ಕೆ ಒತ್ತುತ್ತಲೇ ಇರಬೇಕು. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಶಾಕ್‌ನಲ್ಲಿ ಆರೋಗ್ಯವಂತ ಹೃದಯವೇ ಲಯ ತಪ್ಪಿರುತ್ತದೆ, ತಕ್ಷಣ ಒತ್ತಿದರೆ ಬದುಕುವ ಅವಕಾಶ ಚೆನ್ನಾಗಿರುತ್ತದೆ.

ಪ್ರತಿ ವರ್ಷ ಜೂನ್ 26ರಿಂದ ವಿದ್ಯುತ್ ಸುರಕ್ಷತಾ ಸಪ್ತಾಹ ನಡೆಯುತ್ತದೆ. ಜಾಥಾ, ಬ್ಯಾನರ್, ಘೋಷಣೆ ಇರುತ್ತವೆ. ತಪ್ಪೇನಲ್ಲ. ಆದರೆ ನಮ್ಮಲ್ಲಿ ಎಲ್ಲರ ಮನೆ ಬಾಗಿಲಿಗೂ ತಿಂಗಳು ತಿಂಗಳು ತಪ್ಪದೆ ಬರುವ ಒಬ್ಬರಿದ್ದಾರೆ, ಮೀಟರ್ ರೀಡರ್. ಬಿಲ್ ಹರಿದು ಕೊಡುವಾಗ ‘ಆರ್‌ಸಿಸಿಬಿ ಇದೆಯಾ? ಈ ತಿಂಗಳು ಬಟನ್ ಒತ್ತಿದ್ರಾ?’ ಅಂತ ಕೇಳಿದರೆ, ಇಲ್ಲದವರ ಪಟ್ಟಿ ಮಾಡಿದರೆ, ಬಡವರ ಮನೆಗೆ ಅದನ್ನು ಕಂತಿನಲ್ಲಿ ಕೊಟ್ಟರೆ ಆಗುವಷ್ಟು ಕೆಲಸ ಯಾವ ಜಾಥಾದಿಂದಲೂ ಆಗದು.

ಸಾವಾದ ಮೇಲಿನ ಮಾತೂ ಒಂದಿದೆ, ಯಾಕೆಂದರೆ ಇಲ್ಲಿ ಜನ ಹೆಚ್ಚಾಗಿ ಮೋಸ ಹೋಗುತ್ತಾರೆ. ಮಧ್ಯಪ್ರದೇಶದಲ್ಲಿ ರಾತ್ರಿ ಸೈಕಲ್‌ನಲ್ಲಿ ಬರುತ್ತಿದ್ದ ಕಾರ್ಮಿಕರೊಬ್ಬರು ಮಳೆನೀರು ನಿಂತಿದ್ದ ರಸ್ತೆಯಲ್ಲಿ ಬಿದ್ದಿದ್ದ ತಂತಿಗೆ ಸಿಕ್ಕಿ ಸತ್ತರು. ಯಾರೋ ಕಳ್ಳತನಕ್ಕೆ ಕೊಕ್ಕೆ ಹಾಕಿದ್ದ ತಂತಿ ಅದು, ನಮ್ಮ ತಪ್ಪಲ್ಲ ಅಂತ ವಿದ್ಯುತ್ ಮಂಡಳಿ ವಾದಿಸಿತು. 2002ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಇಷ್ಟು ಅಪಾಯದ ವಸ್ತು ಪೂರೈಸುವವರು ಅದು ಯಾರಿಗೂ ಹಾನಿ ಮಾಡದಂತೆ ನೋಡಿಕೊಳ್ಳಬೇಕು, ಹಾನಿಯಾದರೆ ನಿರ್ಲಕ್ಷ್ಯ ಇತ್ತೋ ಇಲ್ಲವೋ, ಪರಿಹಾರ ಕೊಡಲೇಬೇಕು ಅಂದಿತು. ಆದ್ದರಿಂದ ‘ಸತ್ತವರದ್ದೇ ತಪ್ಪು’ ಅಂತ ಸ್ಥಳದಲ್ಲೇ ಯಾರಾದರೂ ಹೇಳಿದರೆ ಸುಮ್ನೆ ವಾಪಸ್ ಬರಬೇಡಿ. ಅಪಘಾತವನ್ನು ಸರ್ಕಾರದ ವಿದ್ಯುತ್ ಪರಿವೀಕ್ಷಕರಿಗೆ 24 ಗಂಟೆಯೊಳಗೆ ತಿಳಿಸುವುದು ಕಂಪನಿಯ ಹೊಣೆ. 2003ರ ವಿದ್ಯುತ್ ಕಾಯ್ದೆಯ 161ನೇ ಕಲಂ ಪ್ರಕಾರ ಪರಿವೀಕ್ಷಕರ ತನಿಖೆ ನಡೆಯುತ್ತದೆ. ಆ ವರದಿಯ ಪ್ರತಿ, ಎಫ್‌ಐಆರ್, ಪೋಸ್ಟ್‌ಮಾರ್ಟಂ ವರದಿ ಮೂರೂ ಕೈಯಲ್ಲಿರಬೇಕು. ಮನೆಯ ಕರೆಂಟಿನಿಂದ ಸತ್ತವರ ಮೈಮೇಲೆ ಕೆಲವೊಮ್ಮೆ ಸುಟ್ಟ ಗುರುತೇ ಇರುವುದಿಲ್ಲ. ಪೋಸ್ಟ್‌ಮಾರ್ಟಂ ಬೇಡ ಅಂತ ಬರೆದುಕೊಟ್ಟರೆ ಆಮೇಲೆ ಅದು ಬರೀ ಹೃದಯಾಘಾತ ಅಂತ ಉಳಿದುಬಿಡುತ್ತದೆ. ತಾಗಿದ ತಂತಿಯನ್ನೋ ಉಪಕರಣವನ್ನೋ ಪರಿವೀಕ್ಷಕರು ಬಂದು ನೋಡುವವರೆಗೆ ರಿಪೇರಿ ಮಾಡಲು ಯಾರಿಗೂ ಬಿಡಬೇಡಿ. ಕರೆಂಟ್ ಕಟ್ ಮಾಡಿಸಿ ಅಲ್ಲೇ ಇರಿಸಿ, ಫೋಟೊ ತೆಗೆದಿಟ್ಟುಕೊಳ್ಳಿ.